ಮೂರ್ಛೆ ಮಾತ್ರೆಯ ಮಾತು ಮದುವೆಗೆ ಮೊದಲೇ ಆಗಲಿ

ಮಾನ್ಯ ಸಂಪಾದಕರೇ,

ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಎಂಬ ಔಷಧದ ಬಗ್ಗೆ ಕೆಲವು ವರ್ಷಗಳಿಂದ ಹೊರದೇಶಗಳಲ್ಲಿ ಒಂದರ ಹಿಂದೊಂದು ಎಚ್ಚರಿಕೆ ಹೊರಬಿದ್ದಿದೆ. ಅವು ನಮ್ಮ ಜನರನ್ನು ಮುಟ್ಟುವುದು ಮೊಬೈಲಿನಲ್ಲಿ, ತುಂಡು ತುಂಡಾಗಿ. ‘ಈ ಮಾತ್ರೆ ನುಂಗಿದರೆ ಹುಟ್ಟುವ ಮಗು ಸರಿಯಿರುವುದಿಲ್ಲ’ ಎನ್ನುತ್ತದೆ ಒಂದು. ‘ಗಂಡಸರು ನುಂಗಿದರೂ ಅಪಾಯ’ ಎನ್ನುತ್ತದೆ ಇನ್ನೊಂದು. ‘ಅದೆಲ್ಲ ಇಲಿಗಳ ಮೇಲಿನ ಪ್ರಯೋಗ, ತಲೆ ಕೆಡಿಸಿಕೊಳ್ಳಬೇಡಿ’ ಎನ್ನುತ್ತದೆ ಮತ್ತೊಂದು. ಮೂರರಲ್ಲೂ ಇರುವುದು ಅರೆಬರೆ ಸತ್ಯ. ಅದನ್ನು ಕೇಳಿ ಹೆದರಿ ಮಾತ್ರೆಯನ್ನು ಥಟ್ಟನೆ ಬಿಟ್ಟ ಹೆಣ್ಣುಮಗಳ ಪ್ರಾಣಕ್ಕೇ ಕುತ್ತು ಬರಬಹುದು. ಏನೂ ಗೊತ್ತಿಲ್ಲದೆ ನುಂಗುತ್ತ ಹೋದವಳ ಮಗುವಿಗೆ ಬೆನ್ನುಹುರಿಯ ದೋಷ ಬರಬಹುದು. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಮಾತ್ರೆಯ ಗುರುತು. ಸ್ಟ್ರಿಪ್‌ನ ಹಿಂದೆ ಸೋಡಿಯಂ ವಾಲ್ಪ್ರೊಯೇಟ್, ವಾಲ್ಪ್ರೊಯಿಕ್ ಆ್ಯಸಿಡ್ ಅಥವಾ ಡೈವಾಲ್ಪ್ರೊಯೆಕ್ಸ್ ಎಂದು ಅಚ್ಚಾಗಿರುತ್ತದೆ. ಹೆಸರು ಮೂರಾದರೂ ಮೈಯೊಳಗೆ ಹೋದ ಮೇಲೆ ಔಷಧ ಒಂದೇ. ಅಂಗಡಿಯಲ್ಲಿ ಇದು ವಾಲ್ಪರಿನ್, ಎನ್ಕೋರೇಟ್, ಡೈಕೋರೇಟ್ ಮುಂತಾದ ಹೆಸರಿನಲ್ಲಿ ಸಿಗುತ್ತದೆ. ಇದನ್ನು ಫಿಟ್ಸ್‌ಗೆ ಮಾತ್ರ ಕೊಡುವುದಿಲ್ಲ. ಮೈಗ್ರೇನ್ ತಲೆನೋವು ಮರುಕಳಿಸದಿರಲಿ ಎಂದು ಕೊಡುತ್ತಾರೆ, ಬೈಪೋಲಾರ್ ಎಂಬ ಮಾನಸಿಕ ಕಾಯಿಲೆಗೂ ಕೊಡುತ್ತಾರೆ. ತಲೆನೋವಿಗೆಂದು ತಗೊಳ್ಳುವ ಹೆಣ್ಣುಮಕ್ಕಳಿಗೆ ತಾವು ನುಂಗುತ್ತಿರುವುದು ಮೂರ್ಛೆಯ ಮಾತ್ರೆ ಎಂಬುದೇ ತಿಳಿದಿರುವುದಿಲ್ಲ. ಗರ್ಭಿಣಿಯರಿಗೆ ಮೈಗ್ರೇನ್ ತಡೆಯಲು ಇದನ್ನು ಕೊಡಲೇಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಹೇಳಿದೆ.

ವಾಲ್ಪ್ರೊಯಿಕ್ ಆ್ಯಸಿಡನ್ನು ಮೊದಲು ತಯಾರಿಸಿದ್ದು 1882ರಲ್ಲಿ. ಎಂಬತ್ತು ವರ್ಷ ಅದು ಪ್ರಯೋಗಾಲಯಗಳಲ್ಲಿ ಬೇರೆ ಔಷಧಗಳನ್ನು ಕರಗಿಸುವ ದ್ರವವಾಗಷ್ಟೇ ಬಳಕೆಯಲ್ಲಿತ್ತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಸಂಶೋಧಕರು ಅದರಲ್ಲಿ ಕರಗಿಸಿದ ಹೊಸ ಔಷಧಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದಾಗ, ಯಾವುದನ್ನು ಕರಗಿಸಿದರೂ ಸೆಳೆತ ನಿಲ್ಲುವುದು ಕಂಡಿತು. ಗುಣ ಇದ್ದದ್ದು ದ್ರವದಲ್ಲೇ. 1967ರಲ್ಲಿ ಫ್ರಾನ್ಸಿನಲ್ಲಿ ಔಷಧವಾಗಿ ಬಂತು, 1978ರಲ್ಲಿ ಅಮೆರಿಕಕ್ಕೆ ಹೋಯಿತು. ಮಾತ್ರೆ ಒಳ್ಳೆಯದೇ, ಅದರಲ್ಲಿ ಅನುಮಾನ ಬೇಡ. ಮೆದುಳಿನ ಎರಡೂ ಕಡೆ ಒಟ್ಟಿಗೆ ಏಳುವ ಮೂರ್ಛೆಗಳಿಗೆ ಇದರಷ್ಟು ಪರಿಣಾಮಕಾರಿಯಾದದ್ದು ಇಂದಿಗೂ ಇನ್ನೊಂದಿಲ್ಲ ಎಂದು ಬ್ರಿಟನ್ನಿನಲ್ಲಿ ನಡೆದ ಸನಾಡ್ ಅಧ್ಯಯನಗಳು 2007ರಲ್ಲೂ 2021ರಲ್ಲೂ ತೋರಿಸಿದವು. ಇಷ್ಟು ಚೆನ್ನಾಗಿ ಕೆಲಸ ಮಾಡುವುದರಿಂದಲೇ ಇದನ್ನು ಬಿಡುವುದು ಕಷ್ಟ.

1982ರಲ್ಲಿ ಫ್ರಾನ್ಸಿನ ಲಿಯೋನ್ ನಗರದಿಂದ ಮೊದಲ ಎಚ್ಚರಿಕೆ ಬಂತು. ಈ ಮಾತ್ರೆ ನುಂಗಿದ ತಾಯಂದಿರ ಮಕ್ಕಳಲ್ಲಿ ಬೆನ್ನುಹುರಿಯ ಹೊದಿಕೆ ಮುಚ್ಚಿಕೊಳ್ಳದೆ ಉಳಿಯುವ ಸ್ಪೈನಾ ಬೈಫಿಡಾ ಹೆಚ್ಚಾಗಿ ಕಾಣುತ್ತಿತ್ತು. ಚಿಟ್ಟಿಲಿಗಳಲ್ಲಿ ನಡೆದ ಪ್ರಯೋಗಗಳು ಅದಕ್ಕೆ ಬಲ ಕೊಟ್ಟವು. ಗರ್ಭ ನಿಂತ 8ನೇ ದಿನದ ಸುಮಾರಿಗೆ ಔಷಧ ಕೊಟ್ಟರೆ ಮರಿಯ ತಲೆಬುರುಡೆ ಮುಚ್ಚಿಕೊಳ್ಳುತ್ತಿರಲಿಲ್ಲ. ಇಲಿಯಲ್ಲಿ ದೋಷ ತಲೆಯ ಕಡೆ, ಮನುಷ್ಯರಲ್ಲಿ ಹೆಚ್ಚಾಗಿ ಬೆನ್ನಿನ ಕೆಳಭಾಗದಲ್ಲಿ. ಆದರೆ ಎರಡೂ ಕಡೆ ಕೆಡುವುದು ಒಂದೇ ಕೆಲಸ: ಚಪ್ಪಟೆ ಹಾಳೆಯಂತಿರುವ ನರದ ಪದರ ಸುರುಳಿಯಾಗಿ ಕೊಳವೆಯಾಗುವುದು.

‘ಇಲಿ ಬೇರೆ, ನಾವು ಬೇರೆ’ ಎನ್ನುವವರ ಮಾತಿನಲ್ಲಿ ಹುರುಳಿದೆ. ಇಲಿಗೆ ಕೊಟ್ಟ ಪ್ರಮಾಣ ದೇಹದ ತೂಕದ ಕಿಲೋಗೆ 400ರಿಂದ 600 ಮಿಲಿಗ್ರಾಂ. ಮನುಷ್ಯರಿಗೆ ಕೊಡುವುದು ಸಾಮಾನ್ಯವಾಗಿ 10ರಿಂದ 30. ಆದರೆ ಇಲಿಯ ಮೈ ಈ ಔಷಧವನ್ನು ನಮಗಿಂತ ಎಷ್ಟೋ ಪಟ್ಟು ಬೇಗ ಹೊರಹಾಕುತ್ತದೆ. ನಮ್ಮ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು 9ರಿಂದ 16 ಗಂಟೆ ಬೇಕು. ಜರ್ಮನಿಯ ಹೈನ್ಜ್ ನಾವ್ ಅವರು 1980ರ ದಶಕದಲ್ಲಿ ಇದನ್ನೇ ಕೆದಕಿ ನೋಡಿದರು. ಚಿಟ್ಟಿಲಿಯ ಚರ್ಮದಡಿ ಪುಟ್ಟ ಪಂಪ್ ಇಟ್ಟು ಔಷಧವನ್ನು ನಿಧಾನವಾಗಿ ಒಂದೇ ಸಮ ಹರಿಸುವುದಕ್ಕೂ, ಒಮ್ಮೆಲೇ ಚುಚ್ಚುವುದಕ್ಕೂ ಹೋಲಿಸಿದಾಗ, ರಕ್ತದಲ್ಲಿ ಔಷಧ ಒಮ್ಮೆಗೇ ಏರುವ ತುದಿಮಟ್ಟದಿಂದಲೇ ಹೆಚ್ಚು ಕೇಡು ಎಂದು ತಿಳಿಯಿತು. ಬೇರೆ ದಾರಿಯೇ ಇಲ್ಲದೆ ಗರ್ಭಿಣಿಗೆ ಈ ಮಾತ್ರೆ ಕೊಡಬೇಕಾದಾಗ ವೈದ್ಯರು ದಿನದ ಪ್ರಮಾಣವನ್ನು ಎರಡು ಮೂರು ಹೊತ್ತಿಗೆ ಹಂಚುವುದು, ನಿಧಾನವಾಗಿ ಬಿಡುಗಡೆಯಾಗುವ ಕ್ರೋನೋ ಮಾತ್ರೆ ಬರೆಯುವುದು ಇದೇ ತಿಳಿವಳಿಕೆಯಿಂದ. ಹಂಚಿ ಕೊಟ್ಟದ್ದನ್ನು ‘ಮರೆತುಹೋಗುತ್ತದೆ’ ಎಂದು ರಾತ್ರಿ ಒಟ್ಟಿಗೆ ನುಂಗಬಾರದು.

ಪ್ರಾಣಿಪ್ರಯೋಗ ಯಾವಾಗಲೂ ದಾರಿ ತೋರಿಸುತ್ತದೆ ಎಂದೂ ಅಲ್ಲ. ಥಾಲಿಡೊಮೈಡ್ ಔಷಧ ಇಲಿಮರಿಗಳಿಗೆ ಹೆಚ್ಚೇನೂ ಮಾಡಲಿಲ್ಲ, ಮೊಲದ ಮರಿಗಳ ಕೈಕಾಲನ್ನು ಮಾತ್ರ ಮೊಟಕು ಮಾಡಿತು. ಆ ದುರಂತದ ನಂತರವೇ ಹೊಸ ಔಷಧವನ್ನು ಸಾಮಾನ್ಯವಾಗಿ ಎರಡು ಜಾತಿಯ ಗರ್ಭಿಣಿ ಪ್ರಾಣಿಗಳಲ್ಲಿ, ಒಂದು ಇಲಿಯ ಜಾತಿ ಮತ್ತೊಂದು ಮೊಲ, ಪರೀಕ್ಷಿಸುವ ಪದ್ಧತಿ ಬಂದದ್ದು. ವಾಲ್ಪ್ರೊಯೇಟ್ ವಿಷಯದಲ್ಲಿ ಇಲಿ ಹೇಳಿದ್ದೂ ಮನುಷ್ಯರಲ್ಲಿ ಕಂಡದ್ದೂ ಒಂದೇ ದಿಕ್ಕಿಗಿವೆ. ಗರ್ಭ ನಿಂತ 12 ದಿನದ ಆಸುಪಾಸಿನಲ್ಲಿ ಈ ಔಷಧ ಪಡೆದ ಬಿಳಿ ಇಲಿಯ ಮರಿಗಳು ಬೆಳೆದ ಮೇಲೆ ಜೊತೆಮರಿಗಳೊಡನೆ ಬೆರೆಯುವುದು ಕಡಿಮೆ, ಮಾಡಿದ್ದನ್ನೇ ಮಾಡುವುದು ಹೆಚ್ಚು. ಇಂದು ಆಟಿಸಂ ಅಧ್ಯಯನಕ್ಕೆ ಲೋಕದ ಹಲವು ಪ್ರಯೋಗಾಲಯಗಳು ಬಳಸುವುದು ಈ ಇಲಿಗಳನ್ನೇ. 2001ರಲ್ಲಿ ಕಾರಣದ ಒಂದು ಎಳೆಯೂ ಸಿಕ್ಕಿತು. ಜೀನುಗಳ ಸುರುಳಿಯನ್ನು ಬಿಗಿ ಮಾಡುವ ಹಿಸ್ಟೋನ್ ಡಿಅಸಿಟೈಲೇಸ್ ಎಂಬ ಕಿಣ್ವವನ್ನು ವಾಲ್ಪ್ರೊಯೇಟ್ ತಡೆಯುತ್ತದೆ. ಆಗ ಭ್ರೂಣದಲ್ಲಿ ತೆರೆಯಬಾರದ ಹೊತ್ತಿಗೆ ಕೆಲವು ಜೀನುಗಳು ತೆರೆದುಕೊಳ್ಳುತ್ತವೆ.

ಈಗ ಮನುಷ್ಯರ ಲೆಕ್ಕಕ್ಕೆ ಬರೋಣ. ಯಾವ ಮಾತ್ರೆಯನ್ನೂ ನುಂಗದ ತಾಯಂದಿರ ಮಕ್ಕಳಲ್ಲೂ ನೂರಕ್ಕೆ 2–3 ಮಕ್ಕಳಿಗೆ ಹುಟ್ಟಿನಿಂದಲೇ ಒಂದಲ್ಲ ಒಂದು ದೊಡ್ಡ ಅಂಗದೋಷ ಇರುತ್ತದೆ. ಹಲವು ದೇಶಗಳ ಗರ್ಭಿಣಿಯರ ದಾಖಲೆ ಇಡುವ ಯುರಾಪ್ 2018ರಲ್ಲಿ ಪ್ರಕಟಿಸಿದ ಅಂಕಿ ಹೀಗಿದೆ: ವಾಲ್ಪ್ರೊಯೇಟ್ ಒಂದನ್ನೇ ತಗೊಂಡವರಲ್ಲಿ ಶೇ 10.3, ಮೂರ್ಛೆಗೇ ಕೊಡುವ ಬೇರೆ ಮಾತ್ರೆಗಳಲ್ಲಿ ಫಿನೊಬಾರ್ಬಿಟಾಲ್ ಶೇ 6.5, ಫೆನಿಟಾಯಿನ್ ಶೇ 6.4, ಕಾರ್ಬಮಜೆಪಿನ್ ಶೇ 5.5, ಟೋಪಿರಾಮೇಟ್ ಶೇ 3.9, ಲ್ಯಾಮೋಟ್ರಿಜಿನ್ ಶೇ 2.9, ಲೆವೆಟಿರಾಸೆಟಮ್ ಶೇ 2.8. ವಾಲ್ಪ್ರೊಯೇಟ್ ದಿನಕ್ಕೆ 650 ಮಿಲಿಗ್ರಾಂ ಒಳಗಿದ್ದರೆ ಶೇ 6.3. ಅದೇ 1,450 ದಾಟಿದರೆ ಶೇ 25. ಅಂದರೆ ನಾಲ್ಕರಲ್ಲಿ ಒಂದು ಮಗು. ಪ್ರಮಾಣ ಇಳಿಸುವುದೂ ಒಂದು ಚಿಕಿತ್ಸೆ ಎಂದು ನಾವು ಒತ್ತಿ ಹೇಳುವುದು ಈ ಅಂತರವನ್ನು ನೋಡಿ.

ಕಣ್ಣಿಗೆ ಕಾಣುವ ದೋಷ ಇಷ್ಟಾಯಿತು. ಸ್ಕ್ಯಾನಿಂಗ್‌ನಲ್ಲಿ ಎಲ್ಲವೂ ಸರಿಯಿದ್ದ ಮಕ್ಕಳಲ್ಲೂ ಕಲಿಕೆ ಹಿಂದೆ ಬೀಳುತ್ತದೆ. ಅಮೆರಿಕ ಮತ್ತು ಬ್ರಿಟನ್ನಿನ ನೀಡ್ ಅಧ್ಯಯನ ಮಕ್ಕಳ ಬುದ್ಧಿಮಟ್ಟವನ್ನು 6ನೇ ವಯಸ್ಸಿನಲ್ಲಿ ಅಳೆದಾಗ, ಲ್ಯಾಮೋಟ್ರಿಜಿನ್ ತಗೊಂಡ ತಾಯಂದಿರ ಮಕ್ಕಳ ಸರಾಸರಿ ಐಕ್ಯೂ 108, ವಾಲ್ಪ್ರೊಯೇಟ್ ತಗೊಂಡವರದು 97. ಡೆನ್ಮಾರ್ಕಿನ 2013ರ ಅಧ್ಯಯನದಲ್ಲಿ ಆಟಿಸಂ ಬಗೆಯ ತೊಂದರೆ ಸಾಮಾನ್ಯವಾಗಿ ಶೇ 1.5 ಮಕ್ಕಳಲ್ಲಿ, ಈ ಮಾತ್ರೆಗೆ ಒಡ್ಡಿಕೊಂಡವರಲ್ಲಿ ಶೇ 4.4. ನೂರರಲ್ಲಿ ತೊಂಬತ್ತೈದು ಮಕ್ಕಳಿಗೆ ಆಟಿಸಂ ಬಂದಿಲ್ಲ ಎಂಬುದನ್ನೂ ಇದೇ ಅಂಕಿಯಲ್ಲಿ ಓದಿಕೊಳ್ಳಬೇಕು. ಈಗಾಗಲೇ ಮಾತ್ರೆ ನುಂಗಿ ತಾಯಿಯಾದವರು ತಮ್ಮನ್ನು ತಾವು ಹಳಿದುಕೊಳ್ಳಬೇಕಿಲ್ಲ. ಮಗುವಿನ ಮಾತು, ನಡಿಗೆ, ಕಲಿಕೆಯ ಮೇಲೆ ನಿಗಾ ಇಟ್ಟು ತಡವಾಗುತ್ತಿದ್ದರೆ ಬೇಗ ತೋರಿಸಬೇಕು, ಅಷ್ಟೇ.

ಎಲ್ಲ ತೊಡಕೂ ಇರುವುದು ಕ್ಯಾಲೆಂಡರಿನಲ್ಲಿ. ಗರ್ಭ ನಿಂತ 28 ದಿನದೊಳಗೆ ಭ್ರೂಣದ ನರಕೊಳವೆ ಮುಚ್ಚಿಕೊಳ್ಳಬೇಕು. ಅಷ್ಟು ಹೊತ್ತಿಗೆ ಹೆಂಗಸಿಗೆ ಮುಟ್ಟು ನಿಂತು ಎರಡೇ ವಾರ. ಪರೀಕ್ಷೆ ಮಾಡಿಕೊಂಡು, ಮನೆಯಲ್ಲಿ ಹೇಳಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಬೆನ್ನುಹುರಿಯ ವಿಷಯ ಇತ್ಯರ್ಥವಾಗಿ ಹೋಗಿರುತ್ತದೆ. ಆಗ ಮಾತ್ರೆ ಬದಲಿಸಿದರೆ ಬೆನ್ನಿಗೆ ಪ್ರಯೋಜನವಿಲ್ಲ. ಮೆದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಪ್ರಮಾಣ ಇಳಿಸುವ ಯೋಚನೆಗೆ ಆಗಲೂ ಅರ್ಥವಿದೆ. ಅದು ನರರೋಗ ವೈದ್ಯರ ಮುಂದೆ ಆಗಬೇಕಾದ ತೀರ್ಮಾನ. ‘ಪಾಸಿಟಿವ್’ ಎಂದು ಕಂಡ ದಿನ ಮಾತ್ರೆ ಬಿಸಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಥಟ್ಟನೆ ಬಿಟ್ಟರೆ ನಿಲ್ಲದೆ ಬರುವ ಫಿಟ್ಸ್ ಶುರುವಾಗಬಹುದು, ನಿದ್ದೆಯಲ್ಲೇ ಸಾವು ಬರಬಹುದು. ಮೂರ್ಛೆಯಿರುವ ಗರ್ಭಿಣಿಯರು, ಬಾಣಂತಿಯರು ಹೀಗೆ ಹಠಾತ್ತನೆ ತೀರಿಕೊಳ್ಳುವುದು ಹಿಂದಿಗಿಂತ ಹೆಚ್ಚಾಗಿದೆ ಎಂದು ಬ್ರಿಟನ್ನಿನ ತಾಯಂದಿರ ಮರಣ ಕುರಿತ 2020ರ ವರದಿ ಎಚ್ಚರಿಸಿತ್ತು.

ಮಾತ್ರೆ ಬದಲಿಸುವುದು ತಿಂಗಳುಗಳ ಕೆಲಸ. ಹೊಸ ಮಾತ್ರೆಯನ್ನು ಪೂರ್ತಿ ಮಟ್ಟಕ್ಕೆ ಏರಿಸಿಕೊಂಡು, ಆಮೇಲೆ ಹಳೆಯದನ್ನು ಎರಡು ಮೂರು ತಿಂಗಳಲ್ಲಿ ಇಳಿಸಿ, ಫಿಟ್ಸ್ ಬರುತ್ತಿಲ್ಲ ಎಂದು ಕೆಲವು ತಿಂಗಳು ನೋಡಬೇಕು. ಇಲ್ಲಿ ತಪ್ಪುವುದು ಎಲ್ಲಿ? ಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆಯಿದೆ, ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ. ಬೆಳಿಗ್ಗೆ ಎದ್ದ ಹೊಸದರಲ್ಲಿ ಕೈ ಜಗ್ಗನೆ ಎಗರಿ ಲೋಟ, ಬಾಚಣಿಗೆ ಜಾರಿ ಬೀಳುತ್ತದೆ. ನಿದ್ದೆ ಕೆಟ್ಟ ಮರುದಿನ ದೊಡ್ಡ ಫಿಟ್ಸ್. ಈ ಹುಡುಗಿಯರಿಗೆ ವಾಲ್ಪ್ರೊಯೇಟ್ ಬೇಡವೆಂದು ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ಕೊಟ್ಟರೆ ಎಗರುವುದು ಇನ್ನೂ ಹೆಚ್ಚುತ್ತದೆ. ಇವರಿಗೆ ಮೊದಲು ಪ್ರಯತ್ನಿಸಬಹುದಾದದ್ದು ಲೆವೆಟಿರಾಸೆಟಮ್. ಅದರಿಂದ ಕೆಲವರಿಗೆ ಸಿಡುಕು, ಬೇಸರ ಬರುತ್ತದೆ, ಮನೆಯವರು ಗಮನಿಸಿ ಹೇಳಬೇಕು.

ಲ್ಯಾಮೋಟ್ರಿಜಿನ್ ಆರಿಸಿದರೆ ಬೇರೆ ಎಚ್ಚರ. ಸಾಮಾನ್ಯವಾಗಿ ದಿನಕ್ಕೆ 25 ಮಿಲಿಗ್ರಾಂನಿಂದ ಶುರುಮಾಡಿ ಎರಡು ವಾರದ ಮೇಲೆ 50ಕ್ಕೆ ಏರಿಸುತ್ತಾರೆ. ಮೈಯಲ್ಲಿ ವಾಲ್ಪ್ರೊಯೇಟ್ ಇರುವಾಗ ಲ್ಯಾಮೋಟ್ರಿಜಿನ್ ಬೇಗ ಕರಗಿ ಹೋಗದು, ಮಟ್ಟ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆದ್ದರಿಂದ ದಿನ ಬಿಟ್ಟು ದಿನ 25ರಿಂದ ಶುರು. ಅವಸರ ಮಾಡಿದರೆ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಬಂದು ಚರ್ಮವೇ ಸುಲಿಯುವ ಗಂಡಾಂತರವಾಗಬಹುದು. ಮೊದಲ ಎಂಟು ವಾರದಲ್ಲಿ ದದ್ದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಸೂಕ್ಷ್ಮ: ವಾಲ್ಪ್ರೊಯೇಟ್ ಪೂರ್ತಿ ತೆಗೆದ ಮೇಲೆ ಲ್ಯಾಮೋಟ್ರಿಜಿನ್ ಮಟ್ಟ ಅರ್ಧಕ್ಕಿಳಿಯುತ್ತದೆ. ಆಗ ಫಿಟ್ಸ್ ಬಂದರೆ ‘ಹೊಸ ಮಾತ್ರೆ ಹಿಡಿಸಲಿಲ್ಲ’ ಎಂದು ಹಳೆಯದಕ್ಕೆ ಮರಳುತ್ತಾರೆ. ಮಾತ್ರೆ ಸೋತಿರುವುದಿಲ್ಲ, ಪ್ರಮಾಣ ಸಾಲದಾಗಿರುತ್ತದೆ. ಗರ್ಭಿಣಿಯಾದಾಗಲೂ ಹೀಗೆಯೇ. ತಿಂಗಳು ತುಂಬಿದಂತೆಲ್ಲ ಮೈ ಈ ಔಷಧವನ್ನು ಬೇಗ ಹೊರಹಾಕುವುದರಿಂದ ಪ್ರಮಾಣ ಏರಿಸಬೇಕಾಗುತ್ತದೆ. ಹೆರಿಗೆಯಾದ ಎರಡು ಮೂರು ವಾರದೊಳಗೆ ಮತ್ತೆ ಇಳಿಸದಿದ್ದರೆ ಬಾಣಂತಿಗೆ ತಲೆಸುತ್ತು, ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು. ‘ನಿತ್ರಾಣ’ ಎಂದು ಸುಮ್ಮನಿರಬಾರದು.

ಮಾತ್ರೆ ಬದಲಾಗುವ ತನಕ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕಲ್ಲ, ಅಲ್ಲೂ ಒಂದು ಗುಂಡಿಯಿದೆ. ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಾಲ್ ತಗೊಳ್ಳುವವರಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ–ಎನ್ ಎಂಬ ಗರ್ಭನಿರೋಧಕ ಗುಳಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಲ್ಯಾಮೋಟ್ರಿಜಿನ್ ಜೊತೆ ತಗೊಂಡರೆ ಅದು ಲ್ಯಾಮೋಟ್ರಿಜಿನ್ ಮಟ್ಟವನ್ನೇ ಅರ್ಧಕ್ಕಿಳಿಸುತ್ತದೆ. ಕಾಪರ್–ಟಿಗೆ ಇವು ಯಾವುದರ ಗೊಡವೆಯೂ ಇಲ್ಲ.

ಫೋಲಿಕ್ ಆ್ಯಸಿಡ್ ವಿಷಯದಲ್ಲಿ ಈಚೆಗೆ ತಿಳಿವಳಿಕೆ ಬದಲಾಗುತ್ತಿದೆ. ನಮ್ಮಲ್ಲಿ ರೂಢಿಯಲ್ಲಿರುವುದು ದಿನಕ್ಕೆ 5 ಮಿಲಿಗ್ರಾಂ ಮಾತ್ರೆ. 2022ರಲ್ಲಿ ಉತ್ತರ ಯುರೋಪಿನ ದೇಶಗಳ ದಾಖಲೆ ನೋಡಿದ ಸಂಶೋಧಕರಿಗೆ, ಮೂರ್ಛೆಯಿದ್ದು 1 ಮಿಲಿಗ್ರಾಂ ಮೀರಿದ ಫೋಲಿಕ್ ಆ್ಯಸಿಡ್ ತಗೊಂಡ ತಾಯಂದಿರ ಮಕ್ಕಳಲ್ಲಿ ಕ್ಯಾನ್ಸರ್ ಕೊಂಚ ಹೆಚ್ಚಾಗಿ ಕಂಡಿತು. 2024ರ ಅಮೆರಿಕನ್ ನರವೈದ್ಯರ ಮಾರ್ಗಸೂಚಿ ಕನಿಷ್ಠ 0.4 ಮಿಲಿಗ್ರಾಂ ಎಂದಷ್ಟೇ ಹೇಳಿತು. ಪ್ರಮಾಣವನ್ನು ವೈದ್ಯರು ಗೊತ್ತುಮಾಡಲಿ. ಆದರೆ ಗರ್ಭಕ್ಕೆ ಮೊದಲೇ, ಸಾಧ್ಯವಾದರೆ ಮೂರು ತಿಂಗಳು ಮೊದಲೇ ಶುರುವಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ ಕೊಡುವ ಕಬ್ಬಿಣದ ಕೆಂಪು ಮಾತ್ರೆಯಲ್ಲಿರುವುದು 0.5 ಮಿಲಿಗ್ರಾಂ. 5 ಬೇಕೆಂದು ಅವನ್ನೇ ಹತ್ತು ನುಂಗಿದರೆ ಕಬ್ಬಿಣ ವಿಷವಾಗುತ್ತದೆ. ‘ಫೋಲಿಕ್ ತಗೊಳ್ಳುತ್ತಿದ್ದೇನೆ, ವಾಲ್ಪ್ರೊಯೇಟ್ ಇದ್ದರೂ ಭಯವಿಲ್ಲ’ ಎಂಬ ಧೈರ್ಯವೂ ಸಲ್ಲದು. ಚಿಟ್ಟಿಲಿಗಳಲ್ಲೇ ಈ ಬಗೆಯ ವಿಟಮಿನ್ ಕೊಟ್ಟಾಗ ದೋಷ ಕೆಲವು ಪ್ರಯೋಗಾಲಯಗಳಲ್ಲಿ ತಗ್ಗಿತು, ಕೆಲವು ಕಡೆ ತಗ್ಗಲೇ ಇಲ್ಲ.

ಇನ್ನು ಗಂಡಸರ ಮಾತು. ದೀರ್ಘಕಾಲ ಈ ಔಷಧ ಪಡೆದ ಬಿಳಿ ಇಲಿಗಳಲ್ಲೂ ನಾಯಿಗಳಲ್ಲೂ ವೀರ್ಯಾಣು ಕಡಿಮೆಯಾಗಿ ವೃಷಣ ಸೊರಗಿದ್ದು ಹಿಂದೆಯೇ ಗೊತ್ತಿತ್ತು. ಇಲಿಗೆ ಕಿಲೋಗೆ ದಿನಕ್ಕೆ 400 ಮಿಲಿಗ್ರಾಂ, ನಾಯಿಗೆ 150 ದಾಟಿದಾಗ. ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳ ದಾಖಲೆಯಲ್ಲಿ, ಗರ್ಭಕ್ಕೆ ಮುಂಚಿನ ಮೂರು ತಿಂಗಳಲ್ಲಿ ವಾಲ್ಪ್ರೊಯೇಟ್ ತಗೊಂಡ ತಂದೆಯರ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ನರಬೆಳವಣಿಗೆಯ ತೊಂದರೆ ಕಂಡಿತು. ಲ್ಯಾಮೋಟ್ರಿಜಿನ್ ಅಥವಾ ಲೆವೆಟಿರಾಸೆಟಮ್ ತಗೊಂಡವರಲ್ಲಿ ಸುಮಾರು 3. ಇದನ್ನು ಆಧರಿಸಿ ಯುರೋಪಿನ ಔಷಧ ಸಂಸ್ಥೆ 2024ರ ಜನವರಿಯಲ್ಲಿ ಮುನ್ನೆಚ್ಚರಿಕೆ ಹೇಳಿತು. ಅದೇ ವರ್ಷ ಡೆನ್ಮಾರ್ಕಿನ 12 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ ಇನ್ನೊಂದು ಅಧ್ಯಯನಕ್ಕೆ ಅಂಥ ಸಂಬಂಧ ಕಾಣಲಿಲ್ಲ. ಅಂದರೆ ತಾಯಿಯ ವಿಷಯದಲ್ಲಿ ಸಾಬೀತಾಗಿರುವಂತೆ ತಂದೆಯ ವಿಷಯದಲ್ಲಿ ಆಗಿಲ್ಲ. ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಎಪ್ಪತ್ತೈದು ದಿನ ಬೇಕಾಗುವುದರಿಂದ ‘ಮೂರು ತಿಂಗಳು’ ಎಂಬ ಲೆಕ್ಕ. ಮಗು ಬೇಕೆನ್ನುವ ಗಂಡ ವೈದ್ಯರೊಡನೆ ಈ ಮಾತೆತ್ತಬೇಕು, ಮಾತ್ರೆಯನ್ನು ತಾನೇ ನಿಲ್ಲಿಸಬಾರದು.

ಬಾಣಂತನದಲ್ಲಿ ಎರಡು ಮಾತು ನಮ್ಮ ನಾಡಿಗೇ ಸೇರಿದ್ದು. ತಲೆಯ ಮೇಲೆ ಬಿಸಿನೀರು ಸುರಿದಾಗ ಬರುವ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ನಿಮ್ಹಾನ್ಸ್‌ನಲ್ಲಿ ಇದರ ಮೇಲೆ ದಶಕಗಳ ಕಾಲ ಅಧ್ಯಯನ ನಡೆದಿದೆ. ಅಂಥವರಿಗೆ ಹಂಡೆ ನೀರಿನ ಬಾಣಂತಿ ಸ್ನಾನ ಬೇಡ, ಉಗುರುಬೆಚ್ಚಗಿನ ನೀರು ಸಾಕು. ಇನ್ನು ‘ಮಾತ್ರೆ ನುಂಗುತ್ತಾಳೆ, ಹಾಲು ಕುಡಿಸಬಾರದು’ ಎಂಬ ಮಾತು. ನೀಡ್ ಅಧ್ಯಯನದಲ್ಲಿ ಎದೆಹಾಲು ಕುಡಿದ ಮಕ್ಕಳಿಗೆ ಕೇಡು ಕಾಣಲಿಲ್ಲ, ಬುದ್ಧಿಮಟ್ಟ ಸುಮಾರು 4 ಅಂಕ ಹೆಚ್ಚೇ ಇತ್ತು. ಹಾಲು ಕುಡಿಸಲಿ, ನೆಲದ ಮೇಲೆ ಚಾಪೆ ಹಾಸಿ ಕೂತು ಕುಡಿಸಲಿ. ರಾತ್ರಿ ಒಂದು ಹೊತ್ತು ಮಗುವನ್ನು ಬೇರೆಯವರು ನೋಡಿಕೊಂಡು ತಾಯಿಗೆ ನಿದ್ದೆ ಕೊಡಲಿ. ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆ.

ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಡೆದು 2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಸಮೀಕ್ಷೆಯ ಪ್ರಕಾರ ಮೂರ್ಛೆ ನಗರದಲ್ಲಿ ಸಾವಿರಕ್ಕೆ 5.7 ಜನರಿಗೆ, ಹಳ್ಳಿಯಲ್ಲಿ 11.9 ಜನರಿಗೆ ಇದೆ. ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದೆಂದು ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ಅಗ್ಗದ ಮಾತ್ರೆಗಳಿಂದ ಮಾಡಿ ತೋರಿಸಿದ್ದು 2001ರಲ್ಲಿ ಪ್ರಕಟವಾಯಿತು. ಮಾತ್ರೆ ಮುಟ್ಟುವ ಹಳ್ಳಿಗೆ ಮಾತ್ರೆಯ ಮಾತೂ ಮುಟ್ಟಬಹುದು. ಅಡ್ಡ ನಿಂತಿರುವುದು ಮದುವೆಯ ಭಯ. ಮೂರ್ಛೆಯನ್ನು ಮದುವೆಗೆ ಅಡ್ಡಿಯೆಂದು ಹೇಳುತ್ತಿದ್ದ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ಆದರೂ ಮನೆಗಳಲ್ಲಿ ಮುಚ್ಚಿಡುತ್ತಾರೆ. ಹದಿನಾಲ್ಕರಲ್ಲಿ ಬರೆದುಕೊಟ್ಟ ಮಾತ್ರೆಯನ್ನೇ ಇಪ್ಪತ್ಮೂರರಲ್ಲಿ ಗಂಡನ ಮನೆಯಲ್ಲಿ ಕದ್ದು ನುಂಗುವ ಹೆಣ್ಣುಮಗಳು ಯಾರನ್ನು ಕೇಳಬೇಕು?

ಹೆಣ್ಣುಮಕ್ಕಳಿಗೆ ಮತ್ತು ಮಗು ಹೆರುವ ವಯಸ್ಸಿನ ಹೆಂಗಸರಿಗೆ ವಾಲ್ಪ್ರೊಯೇಟ್ ಬರೆಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿಕೆ ಕೊಟ್ಟಿದೆ. ರಾಜ್ಯದ ಆರೋಗ್ಯ ಇಲಾಖೆಯನ್ನು ನಾವು ಕೇಳುವುದು ಇಷ್ಟು. ಈ ಮಾತ್ರೆಯ ಪ್ರತಿ ಸ್ಟ್ರಿಪ್ ಮೇಲೆ ‘ಗರ್ಭಕ್ಕೆ ಅಪಾಯ, ತಾವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ’ ಎಂದು ಕನ್ನಡದಲ್ಲಿ ಚೀಟಿ ಅಂಟಿಸಿ ಕೊಡುವಂತೆ ಸರ್ಕಾರಿ ಔಷಧಾಲಯಗಳಿಂದಲೇ ಶುರುಮಾಡಲಿ. ಲೆವೆಟಿರಾಸೆಟಮ್, ಲ್ಯಾಮೋಟ್ರಿಜಿನ್ ಎರಡೂ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷವಿಡೀ ಸಿಗಲಿ. ಮಾತ್ರೆ ಬದಲಿಸಿದ ಮೇಲೆ ಒಂದು ತಿಂಗಳು ‘ಸ್ಟಾಕ್ ಇಲ್ಲ’ ಎಂದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಆಶಾ ಕಾರ್ಯಕರ್ತೆಯರು ಹೊಸದಾಗಿ ಮದುವೆಯಾದವರ ಮನೆಗೆ ಹೋದಾಗ ‘ಫಿಟ್ಸ್‌ಗೆ, ತಲೆನೋವಿಗೆ ದಿನಾ ಮಾತ್ರೆ ತಗೊಳ್ಳುತ್ತೀರಾ?’ ಎಂದು ಹೆಣ್ಣುಮಗಳನ್ನು ಒಬ್ಬಳನ್ನೇ ಕೂರಿಸಿ ಕೇಳಲಿ. ಔಷಧ ಅಂಗಡಿಯವರು ಹತ್ತು ವರ್ಷದ ಹಳೆಯ ಚೀಟಿ ನೋಡಿ ಮಾತ್ರೆ ಕೊಡುವ ಮೊದಲು ‘ಈಚೆಗೆ ಡಾಕ್ಟರಿಗೆ ತೋರಿಸಿದ್ದು ಯಾವಾಗ?’ ಎಂದು ಒಂದು ಮಾತು ಕೇಳಲಿ.

ಇಂತಿ,
ನರರೋಗ ಹಾಗೂ ಪ್ರಸೂತಿ ವೈದ್ಯರು, ಔಷಧಶಾಸ್ತ್ರ ಅಧ್ಯಾಪಕರು
ಮೈಸೂರು